ಬಚಾಯಿಯೇ ಹುಜೂರ್: ಒಂದು ಊರು ಕೇಳಿಸಿಕೊಳ್ಳದ ವರದಿಗಳು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಮಾಜದಲ್ಲಿ ಪತ್ರಿಕೆಗಳ ಪಾತ್ರ’. ಈ ಶೀರ್ಷಿಕೆಯ ಪ್ರಬಂಧವನ್ನು ಒಂಬತ್ತನೇ ತರಗತಿಯವರಿಂದ ನಾನೇ ಎಷ್ಟೋ ಸಲ ಬರೆಸಿದ್ದೇನೆ. ‘ಪತ್ರಿಕೆಗಳು ಸಮಾಜದ ಕನ್ನಡಿ’ ಎಂದು ಶುರುವಾಗಿ, ಅದೇ ಮಾತಿನಲ್ಲಿ ಮುಗಿಯುತ್ತದೆ. ನಾನು ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ಇವತ್ತು ಆ ಪ್ರಬಂಧವನ್ನು ಬದಿಗಿಟ್ಟು ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ನಾನು ಹುಟ್ಟುವುದಕ್ಕೂ ಮೊದಲಿನ ಕಥೆ. ಭೋಪಾಲದ್ದು.

ರಾಜಕುಮಾರ್ ಕೇಸ್ವಾನಿ ಅವರ ಹೆಸರು. 1950ರಲ್ಲಿ ಹುಟ್ಟಿದವರು. ಹಳೆಯ ಭೋಪಾಲದಲ್ಲಿದ್ದುಕೊಂಡು ‘ರಪಟ್’ ಎಂಬ ಒಂದು ಸಣ್ಣ ಹಿಂದಿ ವಾರಪತ್ರಿಕೆ ನಡೆಸುತ್ತಿದ್ದರು. ಉರ್ದು ಬಲ್ಲ ಮಕ್ಕಳಿಗೆ ಈ ಪದ ಗೊತ್ತಿರಬೇಕು. ಕಳ್ಳತನವಾದಾಗ ‘ರಪಟ್ ಲಿಖ್‌ವಾನಾ’ ಎನ್ನುತ್ತೇವಲ್ಲ, ಅದೇ ರಪಟ್. ಇಂಗ್ಲಿಷಿನ ‘ರಿಪೋರ್ಟ್’ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಇಳಿಯುವಾಗ ರಪಟ್ ಆಗಿಬಿಟ್ಟಿತು. ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ.

ಆ ಊರಿನಲ್ಲಿ ಯೂನಿಯನ್ ಕಾರ್ಬೈಡ್ ಎಂಬ ಕಾರ್ಖಾನೆ ಇತ್ತು. ಸೆವಿನ್ ಎಂಬ ಕೀಟನಾಶಕ ಅಲ್ಲಿ ತಯಾರಾಗುತ್ತಿತ್ತು. ಅದರಲ್ಲಿ ಕೆಲಸ ಮಾಡುತ್ತಿದ್ದ ಮೊಹಮ್ಮದ್ ಅಶ್ರಫ್ ಖಾನ್ ಎಂಬ ಕಾರ್ಮಿಕ ಕೇಸ್ವಾನಿಯವರ ಸ್ನೇಹಿತ. 1981ರ ಡಿಸೆಂಬರ್ ಕೊನೆಯ ವಾರದಲ್ಲಿ ಪೈಪಿನ ಕೆಲಸ ಮಾಡುತ್ತಿದ್ದಾಗ ಫಾಸ್‌ಜೀನ್ ಎಂಬ ಅನಿಲ ಸೋರಿ ಅಶ್ರಫ್ ತೀರಿಕೊಂಡರು. ಪತ್ರಿಕೆಗಳಲ್ಲಿ ಒಂದು ಸಣ್ಣ ಸುದ್ದಿ, ಮನೆಯಲ್ಲಿ ಜನಾಜಾ, ಬಳಿಕ ಮೌನ. ಸಾಮಾನ್ಯವಾಗಿ ಇಂಥ ಸಾವುಗಳ ಕಥೆ ಇಲ್ಲಿಗೆ ಮುಗಿಯುತ್ತದೆ. ‘ಅಲ್ಲಾಹನ ಇಚ್ಛೆ’ ಎನ್ನುತ್ತೇವೆ, ‘ಹಣೆಬರಹ’ ಎನ್ನುತ್ತೇವೆ, ಯಾವುದೇ ಧರ್ಮದವರಾದರೂ ಸುಮ್ಮನಾಗಲು ಒಂದು ಮಾತು ನಮ್ಮ ಬಳಿ ಇದ್ದೇ ಇರುತ್ತದೆ. ಕೇಸ್ವಾನಿ ಸುಮ್ಮನಾಗಲಿಲ್ಲ. ನನ್ನ ಸ್ನೇಹಿತನನ್ನು ಕೊಂದದ್ದು ಯಾವುದು ಎಂದು ಕೇಳಿದರು.

ವಿದ್ಯಾರ್ಥಿಗಳೇ, ಮುಂದಿನದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಅವರು ಮರುದಿನವೇ ಪತ್ರಿಕೆಯಲ್ಲಿ ಬೈದು ಬರೆಯಲಿಲ್ಲ. ಸುಮಾರು ಒಂಬತ್ತು ತಿಂಗಳು ಓದಿದರು, ಅಲೆದರು. ಅವರು ವಿಜ್ಞಾನದ ವಿದ್ಯಾರ್ಥಿಯಾಗಿರಲಿಲ್ಲ. ರಸಾಯನಶಾಸ್ತ್ರದ ಪುಸ್ತಕ ಹಿಡಿದು ಫಾಸ್‌ಜೀನ್ ಎಂದರೇನು ಎಂದು ಓದಿದರು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ ಅದು ಎಂದು ತಿಳಿಯಿತು. ಅದರಿಂದ ತಯಾರಿಸುತ್ತಿದ್ದ ಮೀಥೈಲ್ ಐಸೋಸಯನೇಟ್ ಅದಕ್ಕಿಂತ ಭಯಂಕರ. 39 ಡಿಗ್ರಿಯಲ್ಲೇ ಕುದಿಯುವ ದ್ರವ, ಅಂದರೆ ಭೋಪಾಲದ ಒಂದು ಬೇಸಿಗೆಯ ಮಧ್ಯಾಹ್ನ ಸಾಕು. ಅದರ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಂತೆಯೇ ಬಡವರ ಗುಡಿಸಲುಗಳಿದ್ದವು.

ಇದರ ಜೊತೆಗೆ ಕಾರ್ಮಿಕರು ಅವರಿಗೆ ಒಳಗಿನ ಸಂಗತಿಗಳನ್ನು ಹೇಳಿದರು. 1982ರ ಮೇ ತಿಂಗಳಲ್ಲಿ ಕಂಪನಿಯದೇ ಅಮೆರಿಕನ್ ತಜ್ಞರು ಬಂದು ಸುರಕ್ಷತೆಯ ತಪಾಸಣೆ ಮಾಡಿ, ಅಪಾಯಗಳ ದೊಡ್ಡ ಪಟ್ಟಿಯನ್ನೇ ಬರೆದು ಹೋಗಿದ್ದರು. ಆ ವರದಿಯ ವಿಷಯವೂ ಕೇಸ್ವಾನಿಯವರ ಕೈಸೇರಿತು. ಅದನ್ನು ಹೊರಗೆ ತಂದವರ ಬಗ್ಗೆ ನಾವು ಮಾತಾಡುವುದೇ ಇಲ್ಲ. ತನಿಖಾ ವರದಿ ಎಂದರೆ ಬರೆದವನ ಹೆಸರು ಮಾತ್ರ ಕಾಣುತ್ತದೆ. ಸಂಬಳ ನಿಂತರೆ ಮನೆಯ ಒಲೆ ಆರುತ್ತದೆ ಎಂದು ಗೊತ್ತಿದ್ದೂ ಬಾಯಿಬಿಟ್ಟವರ ಹೆಸರು ಕಾಣುವುದಿಲ್ಲ.

1982ರ ಸೆಪ್ಟೆಂಬರ್ 17ರಂದು ‘ರಪಟ್’ನಲ್ಲಿ ಮೊದಲ ವರದಿ ಬಂತು. ತಲೆಬರಹ: ‘ಬಚಾಯಿಯೇ ಹುಜೂರ್, ಇಸ್ ಶಹರ್ ಕೋ ಬಚಾಯಿಯೇ’. ಕಾಪಾಡಿ ಸ್ವಾಮೀ, ಈ ಊರನ್ನು ಕಾಪಾಡಿ. ಅಕ್ಟೋಬರ್ 1ರಂದು ಎರಡನೆಯದು: ಭೋಪಾಲ ಜ್ವಾಲಾಮುಖಿಯ ಬಾಯಿಯ ಮೇಲೆ ಕುಳಿತಿದೆ ಎಂದು. ಅದಾದ ನಾಲ್ಕೇ ದಿನಕ್ಕೆ, ಅಕ್ಟೋಬರ್ 5ರಂದು, ಕಾರ್ಖಾನೆಯಲ್ಲಿ ನಿಜವಾಗಿಯೂ ಅನಿಲ ಸೋರಿ ಅಕ್ಕಪಕ್ಕದ ಜನ ಓಡಿದರು. ಅಕ್ಟೋಬರ್ 8ರಂದು ಮೂರನೆಯ ವರದಿ. ಅದರ ತಲೆಬರಹದಲ್ಲಿ ಅಲ್ಲಾಮಾ ಇಕ್ಬಾಲರ ಒಂದು ಪ್ರಸಿದ್ಧ ಎಚ್ಚರಿಕೆಯ ದನಿಯಿತ್ತು. ಆ ಸಾಲಿನ ಸಂದರ್ಭಸಹಿತ ಅರ್ಥ ಬರೆಯಿರಿ ಎಂದು ಪರೀಕ್ಷೆಯಲ್ಲಿ ನಾವು ಕೇಳುತ್ತೇವೆ. ಅದರ ಸಂದರ್ಭ ಇಲ್ಲಿ ಕಣ್ಣೆದುರೇ ಇತ್ತು.

ಏನಾಯಿತು? ಏನೂ ಆಗಲಿಲ್ಲ. ಮುಖ್ಯಮಂತ್ರಿಗೆ ಪತ್ರ ಬರೆದರು, ಫಲವಿಲ್ಲ. ಅದೇ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಕಾರ್ಮಿಕ ಸಚಿವರು, ಇದು 25 ಕೋಟಿ ರೂಪಾಯಿಯ ಕಾರ್ಖಾನೆ, ಎತ್ತಿ ಬೇರೆ ಕಡೆ ಇಡಲು ಇದೇನು ಸಣ್ಣ ಕಲ್ಲಲ್ಲ, ಭೋಪಾಲಕ್ಕೆ ಅಪಾಯವೂ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ‘ರಪಟ್’ ಹಣವಿಲ್ಲದೆ ನಿಂತುಹೋಯಿತು. ಆದರೂ ಕೇಸ್ವಾನಿ ಬಿಡಲಿಲ್ಲ. 1984ರ ಜೂನ್ 16ರಂದು ದೆಹಲಿಯ ‘ಜನಸತ್ತಾ’ದಲ್ಲಿ ಮತ್ತೊಮ್ಮೆ, ವಿವರವಾಗಿ, ಅದೇ ಮಾತು ಬರೆದರು. ಈ ಸಲ ಪತ್ರಿಕೆ ದೊಡ್ಡದು. ಫಲಿತಾಂಶ ಅದೇ.

ಆ ಹೊತ್ತಿಗೆ ಕಾರ್ಖಾನೆ ನಷ್ಟದಲ್ಲಿತ್ತು. ಖರ್ಚು ಕಡಿಮೆ ಮಾಡುತ್ತಿದ್ದರು. ಮೀಥೈಲ್ ಐಸೋಸಯನೇಟ್ ಘಟಕದಲ್ಲಿ ಒಂದು ಪಾಳಿಗೆ ಹನ್ನೆರಡು ಜನರಿದ್ದದ್ದು ಆರಕ್ಕೆ ಇಳಿದಿತ್ತು. ವಿಷದ ಟ್ಯಾಂಕನ್ನು ತಣ್ಣಗಿಡಬೇಕಾದ ಶೈತ್ಯಯಂತ್ರವನ್ನು ತಿಂಗಳುಗಟ್ಟಲೆ ಮೊದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಪೈಪು ತುಕ್ಕು ಹಿಡಿದು ಬಿಚ್ಚಿಟ್ಟಿದ್ದರು. ಅನಿಲವನ್ನು ತೊಳೆದು ನಿರ್ವಿಷಗೊಳಿಸುವ ಯಂತ್ರ ಸುಮ್ಮನೆ ನಿಂತಿತ್ತು. ನೀರು ಚಿಮ್ಮಿಸುವ ವ್ಯವಸ್ಥೆಯ ನೀರು ಅನಿಲ ಹೊರಬರುವ ಎತ್ತರಕ್ಕೆ ಮುಟ್ಟುತ್ತಿರಲಿಲ್ಲ. ದುಂದುವೆಚ್ಚ ಎಂದರೆ ನಮಗೆ ಹಣ ಚೆಲ್ಲುವುದು ಮಾತ್ರ ನೆನಪಾಗುತ್ತದೆ. ಇಂಥ ಕಡೆ ಉಳಿಸಿದ ನಾಲ್ಕು ಕಾಸು ಎಲ್ಲಕ್ಕಿಂತ ದೊಡ್ಡ ದುಂದು.

1984ರ ಡಿಸೆಂಬರ್ 2ರ ರಾತ್ರಿ 610ನೇ ಟ್ಯಾಂಕಿಗೆ ನೀರು ಸೇರಿ ಒಳಗೆ ಕುದಿತ ಶುರುವಾಯಿತು. ಸುಮಾರು 40 ಟನ್ ವಿಷ ಊರಿನ ಮೇಲೆ ಹರಿಯಿತು. ಊರನ್ನು ಎಚ್ಚರಿಸಬೇಕಾದ ಸೈರನ್ನನ್ನು, ಜನ ಗಾಬರಿಯಾಗುತ್ತಾರೆಂದು, ಕೆಲವು ನಿಮಿಷಗಳಲ್ಲೇ ನಿಲ್ಲಿಸಿದ್ದರು. ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡರೆ ಎಷ್ಟೋ ರಕ್ಷಣೆ ಸಿಗುತ್ತಿತ್ತು. ಆ ಒಂದು ಸಾಲು ಯಾರಿಗೂ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಜನ ಓಡಿದರು, ಓಡಿದಷ್ಟೂ ಹೆಚ್ಚು ಉಸಿರೆಳೆದರು. ಹಮೀದಿಯಾ ಆಸ್ಪತ್ರೆಯ ವೈದ್ಯರಿಗೆ ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆಂಬುದೇ ತಿಳಿದಿರಲಿಲ್ಲ. ಕೇಸ್ವಾನಿಯವರೂ ತಮ್ಮ ಮನೆಯವರೊಂದಿಗೆ ಅದೇ ಗಾಳಿಯಲ್ಲಿ ಸಿಕ್ಕಿಬಿದ್ದರು. ಎರಡು ವರ್ಷ ಮೊದಲೇ ತಾವು ಬರೆದದ್ದು ಆ ರಾತ್ರಿ ಅವರ ಮನೆಯ ಬಾಗಿಲಿಗೇ ಬಂದಿತ್ತು.

ಸರ್ಕಾರ ದೃಢಪಡಿಸಿದ ಸಾವು 3,787. ಮುಂದೆ ಅದು 5,295 ಆಯಿತು. ಸಂತ್ರಸ್ತರ ಸಂಘಟನೆಗಳ ಲೆಕ್ಕ ಇದಕ್ಕಿಂತ ಬಹಳ ಹೆಚ್ಚು. ಗಾಯಗೊಂಡವರು ಐದು ಲಕ್ಷಕ್ಕೂ ಮಿಕ್ಕಿ. 1989ರಲ್ಲಿ ಕಂಪನಿ 47 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. 2010ರ ಜೂನ್ 7ರಂದು ಏಳು ಮಂದಿಗೆ ಎರಡೆರಡು ವರ್ಷ ಶಿಕ್ಷೆಯಾಯಿತು, ಅದೇ ದಿನ ಜಾಮೀನೂ ಸಿಕ್ಕಿತು. ಕಾರ್ಖಾನೆಯ ಅಂಗಳದಲ್ಲಿ ದಶಕಗಳ ಕಾಲ ಬಿದ್ದಿದ್ದ ವಿಷತ್ಯಾಜ್ಯದಲ್ಲಿ 337 ಟನ್ನನ್ನು ಪೀಥಮ್‌ಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷ. ನನ್ನ ವಯಸ್ಸಿಗಿಂತ ಹೆಚ್ಚು.

ಕೇಸ್ವಾನಿಯವರಿಗೆ 1985ರಲ್ಲಿ ಬಿ.ಡಿ. ಗೋಯೆಂಕಾ ಪ್ರಶಸ್ತಿ ಬಂತು. ಹಳೆಯ ಚಲನಚಿತ್ರಗಳ ಬಗ್ಗೆಯೂ ಸೊಗಸಾಗಿ ಬರೆಯುತ್ತಿದ್ದರು. ‘ಮುಘಲ್-ಎ-ಆಜಮ್’ ಚಿತ್ರ ತಯಾರಾದ ಕಥೆಯನ್ನು ಒಂದು ದೊಡ್ಡ ಪುಸ್ತಕವಾಗಿ ಮಾಡಿದ್ದಾರೆ. 2021ರ ಮೇ ತಿಂಗಳಲ್ಲಿ, ಕೋವಿಡ್ ನಂತರದ ತೊಂದರೆಗಳಿಂದ ತೀರಿಕೊಂಡರು.

ಯಾಕೆ ಯಾರೂ ಕೇಳಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಸರ್ಕಾರ, ಕಂಪನಿ ಎಂದು ಬೆರಳು ತೋರಿಸುವುದು ಸುಲಭ, ಅದು ನ್ಯಾಯವೂ ಹೌದು. ಆದರೆ ಓದುಗರೂ ಇದ್ದರಲ್ಲ? ಕಾರ್ಖಾನೆ ಎಂದರೆ ಊರಿಗೆ ನೌಕರಿ, ಮಗನಿಗೆ ನೌಕರಿ ಎಂದರೆ ಮಗಳ ಮದುವೆ. ಅದರ ಮೇಲೆ ಕೆಟ್ಟದ್ದು ಬರೆಯುವವನು ಊರಿನ ಹೊಟ್ಟೆಯ ಮೇಲೆ ಹೊಡೆಯುವವನಂತೆ ಕಾಣುತ್ತಾನೆ. ಸಣ್ಣ ಪತ್ರಿಕೆಯವನು ಏನೋ ಗಿಟ್ಟಿಸಿಕೊಳ್ಳಲು ಬರೆದಿದ್ದಾನೆ ಎಂದು ಕೆಲವರು ಅಂದುಕೊಂಡಿರಲೂ ಸಾಕು. ಹಾಗೆ ಬರೆಯುವವರೂ ಇದ್ದಾರೆ ಎಂಬುದು ಸುಳ್ಳಲ್ಲ. ಹಾಗಾಗಿಯೇ ಆ ಒಂಬತ್ತು ತಿಂಗಳು ನನಗೆ ದೊಡ್ಡದಾಗಿ ಕಾಣುತ್ತದೆ. ಇವತ್ತು ನಿಮ್ಮ ಮೊಬೈಲಿಗೆ ಬಂದ ಸಂದೇಶವನ್ನು ಒಂಬತ್ತು ಸೆಕೆಂಡಿನಲ್ಲಿ ಮುಂದಕ್ಕೆ ಕಳಿಸುತ್ತೀರಿ. ಅದು ಆರೋಪ. ಯಾರು ನೋಡಿದರು, ಯಾವ ಕಾಗದದಲ್ಲಿದೆ, ಎದುರಿನವರು ಏನು ಹೇಳುತ್ತಾರೆ ಎಂದು ವಿಚಾರಿಸಿದ ಮೇಲೆ ಅದು ರಪಟ್ ಆಗುತ್ತದೆ.

ಕೇಸ್ವಾನಿಯವರಿಗೆ ಇಲ್ಲದ ಒಂದು ಸಲಕರಣೆ ನಿಮಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆ. ನಮ್ಮ ಕರ್ನಾಟಕದಲ್ಲಿ ಹತ್ತು ರೂಪಾಯಿ ಶುಲ್ಕ, ಅರ್ಜಿ ನೂರೈವತ್ತು ಪದಗಳೊಳಗೆ, ಒಂದು ಅರ್ಜಿಗೆ ಒಂದೇ ವಿಷಯ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳಲ್ಲಿ. ನೂರೈವತ್ತು ಪದಗಳ ಪ್ರಬಂಧ ಬರೆಯಲು ನಿಮಗೆ ಬರುತ್ತದೆ, ನಾನೇ ಕಲಿಸಿದ್ದೇನೆ. ಮನೆಯ ಹಿರಿಯರ ಹೆಸರಿನಲ್ಲಿ ಹಾಕಿ ನೋಡಿ.

ಇಷ್ಟು ಹೇಳಿ ಇಳಿದುಬಿಟ್ಟರೆ ಚೆನ್ನಾಗಿತ್ತು. ಆದರೆ ಒಂದು ಮಾತು ಉಳಿದಿದೆ, ಅದು ನನ್ನದೇ.

ನಾನು ಬಿಎಡ್ ಮುಗಿಸಿ ಮೊದಲು ಸೇರಿದ ಶಾಲೆಯಲ್ಲಿ ಗೋಡೆ ಪತ್ರಿಕೆ ನನ್ನ ಜವಾಬ್ದಾರಿಯಾಗಿತ್ತು. ಎಂಟನೇ ತರಗತಿಯ ಒಬ್ಬ ಹುಡುಗ ‘ನಮ್ಮ ಶಾಲೆಯ ನೀರಿನ ಟ್ಯಾಂಕ್’ ಎಂದು ಒಂದು ಪುಟ ಬರೆದು ಅಂಟಿಸಿದ. ಟ್ಯಾಂಕಿನ ಮುಚ್ಚಳ ಒಡೆದಿದೆ, ಒಳಗೆ ಪಾಚಿ, ಪಾರಿವಾಳದ ಪುಕ್ಕ. ಆ ವಾರ ಅವನ ತರಗತಿಯಲ್ಲಿ ಹೊಟ್ಟೆನೋವೆಂದು ಗೈರಾದವರು ಒಂಬತ್ತು ಮಂದಿ, ಹಾಜರಿ ಪುಸ್ತಕ ನೋಡಿ ಎಣಿಸಿದ್ದ. ಮರುದಿನ ಶಾಲೆಗೆ ಅತಿಥಿಗಳು ಬರುವವರಿದ್ದರು. ನಾನು ಅವನನ್ನು ಕರೆದು, “ಇದನ್ನು ತೆಗೆದುಬಿಡಪ್ಪ, ಕ್ರೀಡಾಕೂಟದ ಬಗ್ಗೆ ಏನಾದರೂ ಬರೆ” ಎಂದೆ. ಟ್ಯಾಂಕ್ ಹತ್ತಿದ್ದಕ್ಕೆ ಗದರಿಸಿದೆ ಕೂಡ. ಅವನು ಎದುರಾಡಲಿಲ್ಲ. ನಾಲ್ಕೂ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, “ತಗೊಳ್ಳಿ ಸಾರ್” ಎಂದು ನನ್ನ ಕೈಯಲ್ಲಿಟ್ಟು ಹೋದ.

ಟ್ಯಾಂಕ್ ತೊಳೆದದ್ದು ಎರಡು ತಿಂಗಳ ಮೇಲೆ, ಬೇಸಿಗೆ ರಜೆಯಲ್ಲಿ. ಆ ಹುಡುಗ ಮತ್ತೆ ಗೋಡೆ ಪತ್ರಿಕೆಗೆ ಬರೆಯಲಿಲ್ಲ. ಕೇಸ್ವಾನಿಯವರ ಕಥೆಯಲ್ಲಿ ವಿಧಾನಸಭೆಯ ಉತ್ತರ ಓದುವಾಗೆಲ್ಲ ನನಗೆ ಆ ನಾಲ್ಕು ಪಿನ್ನುಗಳು ನೆನಪಾಗುತ್ತವೆ. ಸಚಿವರ ಮೇಲೆ ಕೋಪ ಬರಬೇಕೆನ್ನುವಷ್ಟರಲ್ಲಿ ನಾಚಿಕೆ ಬರುತ್ತದೆ.

ಈ ಭಾಷಣ ಒಪ್ಪಿಕೊಂಡ ಮೇಲೆ, ಕಳೆದ ಶನಿವಾರ, ನಾನು ಈಗಿರುವ ಶಾಲೆಯ ಟ್ಯಾಂಕ್ ಹತ್ತಿ ನೋಡಿ ಬಂದೆ. ಮುಚ್ಚಳ ಇದೆ, ತಂತಿಯಲ್ಲಿ ಕಟ್ಟಿದ್ದಾರೆ. ಪಕ್ಕದ ಗೋಡೆಯ ಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’ ಎಂದು ಬರೆದಿದೆ, ಮುಂದೆ ದಿನಾಂಕವಿಲ್ಲ. ಒಂಬತ್ತನೇ ತರಗತಿಯಿಂದ ಯಾರಾದರೂ ಇಬ್ಬರು ಸೋಮವಾರ ಕಚೇರಿಗೆ ಹೋಗಿ ವಿಚಾರಿಸಿ, ಬರೆದು ತನ್ನಿ. ಪಿನ್ನುಗಳು ನನ್ನ ಮೇಜಿನ ಖಾನೆಯಲ್ಲಿವೆ.