ಪರದೆಯ ಮೇಲೆ ಮಕ್ಕಳ ಚಿತ್ರಸಂತೆ



ಚಿತ್ರ ಬರೆಯುವುದು ಒಂದು ಕೆಲಸ. ಬರೆದದ್ದು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಮಾಡುವುದು ಇನ್ನೊಂದು. ಶಾಲೆಗಳಲ್ಲಿ ಮೊದಲನೆಯದು ನಡೆಯುತ್ತದೆ. ಎರಡನೆಯದು ಬಹುಮಟ್ಟಿಗೆ ವಾರ್ಷಿಕೋತ್ಸವದ ದಿನ ಗೋಡೆಗೆ ಹಾಳೆ ಅಂಟಿಸುವುದರೊಂದಿಗೆ ಮುಗಿಯುತ್ತದೆ. ಹೆಬ್ಬಗೋಡಿ, ಬೊಮ್ಮಸಂದ್ರದಂಥ ಕಾರ್ಖಾನೆಗಳ ಊರಿನಲ್ಲಿ ಪಾಳಿಯ ಮೇಲೆ ದುಡಿಯುವ ತಂದೆತಾಯಿಗೆ ಆ ದಿನ ಬಿಡುವು ಸಿಗುವುದು ಕಷ್ಟ. ದೂರದ ಊರಿನಲ್ಲಿರುವ ಅಜ್ಜಿಯಂತೂ ಮೊಮ್ಮಗಳ ಚಿತ್ರವನ್ನು ಕಾಣುವುದೇ ಇಲ್ಲ. ಇಂಥವರಿಗಾಗಿಯೇ ಅಂತರ್ಜಾಲದ ಕಲಾಪ್ರದರ್ಶನ ಬೇಕು.

ಇದು ಹೊಸ ಪ್ರಯೋಗವೇನಲ್ಲ. ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯನ್ನು ಎಲ್ಲರೂ ಬಲ್ಲರು. ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, 18ನೆಯ ಚಿತ್ರಸಂತೆ ಅಂತರ್ಜಾಲದಲ್ಲಿ ನಡೆಯಿತು. ಅದೇ ವರ್ಷ ಕೊಚ್ಚಿಯ ವಿದ್ಯಾರ್ಥಿ ಬಿಯೆನಾಲೆಯೂ ಪರದೆಯ ಮೇಲೆಯೇ ತೆರೆಯಿತು. ಆದರೆ 2022ರ ಮಾರ್ಚ್‌ನಲ್ಲಿ ಚಿತ್ರಸಂತೆ ಮತ್ತೆ ರಸ್ತೆಗೆ ಮರಳಿತು. ಹಾಗಾದರೆ ಪರದೆಯಲ್ಲಿ ಕಳೆದುಹೋಗುವುದು ಏನು?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವಿದೆ. ಅದನ್ನು ಕತ್ತಲ ಕೋಣೆಯಲ್ಲಿ ಇಟ್ಟಿದ್ದರಿಂದಲೇ ಆ ದೀಪ ನಿಜವಾಗಿ ಉರಿಯುತ್ತಿದೆಯೆಂದು ನೋಡುವವರಿಗೆ ಅನ್ನಿಸುತ್ತದೆ. ಇಡುವ ರೀತಿಯೂ ಕಲೆಯ ಭಾಗವೇ. ಫೋನಿನಲ್ಲಿ ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಒಂದೇ ಅಳತೆಗೆ ಇಳಿಯುತ್ತವೆ. ಬಣ್ಣದ ದಪ್ಪ, ಕಾಗದದ ಒರಟು ಮರೆಯಾಗುತ್ತವೆ.

ಈ ನಷ್ಟವನ್ನು ಪೂರ್ತಿ ತುಂಬಲಾಗದು, ಕಡಿಮೆ ಮಾಡಬಹುದು. ಅದಕ್ಕೆ ದುಬಾರಿ ಉಪಕರಣ ಬೇಡ. ಚಿತ್ರವನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಫ್ಲ್ಯಾಶ್ ಆರಿಸಿ, ಫೋನನ್ನು ಓರೆಯಾಗದಂತೆ ಹಿಡಿದು ಫೋಟೋ ತೆಗೆಯಬೇಕು. ಬಣ್ಣವನ್ನು ತಿದ್ದಿ ಹೊಳಪು ಕೊಡಬಾರದು. ಪೂರ್ಣ ಚಿತ್ರದೊಂದಿಗೆ ಒಂದು ಮೂಲೆಯನ್ನು ಹತ್ತಿರದಿಂದ ತೆಗೆದು ಸೇರಿಸಿದರೆ ಕುಂಚದ ಗುರುತು ಕಾಣುತ್ತದೆ. ಕೆಳಗೆ ಶೀರ್ಷಿಕೆ, ಬಳಸಿದ ಬಣ್ಣ, ಸೆಂಟಿಮೀಟರಿನಲ್ಲಿ ಅಳತೆ, ಮಗುವಿನದೇ ಎರಡು ಮಾತು ಇರಲಿ. ಆ ಮಾತು ತೆಲುಗಿನಲ್ಲೋ ಹಿಂದಿಯಲ್ಲೋ ಇದ್ದರೆ ಕನ್ನಡವನ್ನೂ ಜೊತೆಗಿಡಬಹುದು.

ತಾಂತ್ರಿಕತೆಗಿಂತ ದೊಡ್ಡ ಜವಾಬ್ದಾರಿ ಬೇರೊಂದಿದೆ. ಗೋಡೆಯ ಮೇಲಿನ ಹೆಸರನ್ನು ಊರಿನವರು ಮಾತ್ರ ಓದುತ್ತಾರೆ. ಅಂತರ್ಜಾಲದ ಹೆಸರನ್ನು ಯಾರಾದರೂ ಓದಬಹುದು. 18 ವರ್ಷ ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂಬ ನಿಯಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಮೊದಲ ಹೆಸರು, ತರಗತಿ ಇಷ್ಟೇ ಸಾಕು. ಮಗುವಿನ ಭಾವಚಿತ್ರ, ವಿಳಾಸ ಬೇಡ. ಚಿತ್ರದ ಹಕ್ಕು ಅದನ್ನು ಬರೆದ ಮಗುವಿನದು. ಕೇಳದೆ ಅದನ್ನು ಕ್ಯಾಲೆಂಡರಿಗೋ ಜಾಹೀರಾತಿಗೋ ಬಳಸುವುದು ತಪ್ಪು.

ಬಹುಮಾನದ ವಿಷಯದಲ್ಲೂ ಎಚ್ಚರ ಬೇಕು. ಮೆಚ್ಚುಗೆಯ ಒತ್ತುಗಳನ್ನು ಎಣಿಸಿ ಗೆದ್ದವರನ್ನು ಆರಿಸಿದರೆ, ಹೆಚ್ಚು ಫೋನುಗಳಿರುವ ಮನೆಯ ಮಗು ಗೆಲ್ಲುತ್ತದೆ, ಚಿತ್ರವಲ್ಲ. ಅದರ ಬದಲು, ನೋಡಿದ ಪ್ರತಿಯೊಬ್ಬರೂ ಒಂದು ವಾಕ್ಯ ಹೇಳಲಿ. ಅದನ್ನು ಅಧ್ಯಾಪಕರು ತರಗತಿಯಲ್ಲಿ ಓದಿ ಹೇಳಲಿ.

2025ರ ಆಗಸ್ಟ್‌ನಲ್ಲಿ ಹೆಬ್ಬಗೋಡಿಗೆ ಮೆಟ್ರೊ ಬಂದಿತು. ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಮೆಜೆಸ್ಟಿಕ್. ಅಲ್ಲಿಂದ ಪರಿಷತ್ತು ದೂರವಿಲ್ಲ. ಪರದೆಯಲ್ಲಿ ತಮ್ಮ ಚಿತ್ರ ತೋರಿಸಿದ ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೂ ಕರೆದೊಯ್ಯಬೇಕು. ಅಂತರ್ಜಾಲ ಅವರ ಚಿತ್ರವನ್ನು ಲೋಕಕ್ಕೆ ತೋರಿಸುತ್ತದೆ. ದೊಡ್ಡ ಕಲಾವಿದರ ಚಿತ್ರದ ಮುಂದೆ ಮಗುವನ್ನು ನಿಲ್ಲಿಸುವ ಕೆಲಸ ಮಾತ್ರ ಹಿರಿಯರದ್ದೇ.