ವೀಣೆಯ ಮರ, ಪಿಟೀಲಿನ ಕಮಾನು

(ನಮ್ಮ ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಾಸ್ತ್ರೀಯ ಸಂಗೀತಕ್ಕೂ ಪರಿಸರಕ್ಕೂ ಏನು ನಂಟೆಂದು ಕೇಳಿದರೆ ಸಭಾಂಗಣದ ವಿದ್ಯುತ್ತು, ಕಲಾವಿದರ ವಿಮಾನಯಾನ, ನೀರಿನ ಪ್ಲಾಸ್ಟಿಕ್ ಬಾಟಲಿಗಳ ಮಾತು ಬರುತ್ತದೆ. ಅವೂ ಮುಖ್ಯವೇ. ಆದರೆ ಬೆಳೆ ವಿಜ್ಞಾನ ಓದಿದ ನನ್ನ ಕಣ್ಣು ಮೊದಲು ಹೋಗುವುದು ವೇದಿಕೆಯ ಮೇಲಿರುವ ಮರದ ಕಡೆಗೆ.

ಪಿಟೀಲಿನ ಕಮಾನನ್ನೇ ನೋಡಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಫ್ರಾಂಸ್ವಾ ತೂರ್ತ್ ಅದಕ್ಕೆ ಇಂದಿನ ರೂಪ ಕೊಟ್ಟರು. ಅಂದಿನಿಂದ ಉತ್ತಮ ಕಮಾನಿಗೆ ಪೆರ್ನಾಂಬುಕೋ ಮರವೇ ಬೇಕೆಂಬುದು ರೂಢಿ. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಲ್ಲದೆ ಅದು ಬೇರೆಲ್ಲೂ ತಾನಾಗಿ ಬೆಳೆಯದು. ಕೇರಳದವರು ಕುಡಿಯುವ ನೀರಿಗೆ ಹಾಕಿ ಕುದಿಸುವ ಪತಂಗದ ಚಕ್ಕೆ ಇದೆಯಲ್ಲ, ಅದರ ನೆಂಟ ಇದು. ಪೋರ್ಚುಗೀಸರು ಇದನ್ನು ಮೊದಲು ಕಡಿದದ್ದೂ ಕೆಂಪು ಬಣ್ಣಕ್ಕಾಗಿಯೇ. ದೇಶದ ಹೆಸರೇ ಈ ಮರದಿಂದ ಬಂದದ್ದು. ಬಣ್ಣದ ವ್ಯಾಪಾರ, ಕಬ್ಬು, ಕಾಫಿ, ನಗರಗಳು ಸೇರಿ ಆ ಕಾಡನ್ನು ತಿಂದವು. ಸಂಗೀತಗಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಆದರೆ ಅಳಿದುಳಿದ ಮರಗಳಿಗೆ ಕಮಾನಿನ ಬೇಡಿಕೆಯೇ ಕಂಟಕವಾಯಿತು. ತಯಾರಿಕೆಯಲ್ಲಿ ದಿಮ್ಮಿಯ ಬಹುಪಾಲು ವ್ಯರ್ಥವಾಗುತ್ತದೆ. 2007ರಲ್ಲಿ ಈ ಮರ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು.

ಇಲ್ಲಿ ನಮಗೆ ಬೇಕಾದ ಸಂಗತಿಯೊಂದಿದೆ. ಕಮಾನು ತಯಾರಕರೇ ಹಣ ಕೂಡಿಸಿ ಸಸಿ ನೆಡಿಸಲು ಮುಂದಾದರು. ನೆಟ್ಟದ್ದೆಲ್ಲಿ? ಬಹಿಯಾ ಪ್ರಾಂತ್ಯದ ಕೋಕೋ ತೋಟಗಳ ನೆರಳಿನಲ್ಲಿಯೂ! ಅಲ್ಲಿಯೂ ನಮ್ಮ ಕಾಫಿಯ ಹಾಗೆ ಕಾಡುಮರಗಳ ಕೆಳಗೆ ಕೋಕೋ ಬೆಳೆಯುವ ಪದ್ಧತಿಯಿದೆ.

ನಮ್ಮ ವೀಣೆ, ಮೃದಂಗಗಳ ಒಡಲು ಹಲಸಿನದು. ಕೊಡ, ದಂಡಿಗಳನ್ನು ಒಂದೇ ದಿಮ್ಮಿಯಿಂದ ಕೊರೆದು ತೆಗೆದ ಏಕಾಂಡ ವೀಣೆಗೆ ದಪ್ಪನಾದ, ಗಂಟಿಲ್ಲದ, ತಿರುಳು ಬಲಿತ ಬೊಡ್ಡೆ ಬೇಕು. ಅದು ದಶಕಗಳ ಬೆಳೆ. ತಂಜಾವೂರಿನ ವೀಣೆಗೆ 2013ರಲ್ಲಿ ಭೌಗೋಳಿಕ ಸೂಚಕ ದೊರೆಯಿತು, ಒಳ್ಳೆಯದೇ. ಆದರೆ ಸೂಚಕವು ಮರ ಬೆಳೆಸುವುದಿಲ್ಲ. ನಮ್ಮ ತೋಟಗಳಲ್ಲಿಯೋ, ಹಲಸು ನಿಂತಿದ್ದ ಕಡೆಯಲ್ಲೆಲ್ಲ ಈಗ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯುವಾಗ ಕಚೇರಿ ಅಲೆದಾಟ ಕಡಿಮೆ. ರೈತರ ಲೆಕ್ಕಾಚಾರ ತಪ್ಪೆಂದು ನಾನು ಹೇಳಲಾರೆ.

ಹಲಸು ಈಚೆಗೆ ಮತ್ತೆ ಮರ್ಯಾದೆ ಪಡೆದಿದೆ ನಿಜ. ಅದು ಹಣ್ಣಿಗಾಗಿ, ಕಸಿ ಗಿಡಗಳ ರೂಪದಲ್ಲಿ. ಕಸಿ ಗಿಡ ಬೇಗ ಫಲ ಕೊಡುತ್ತದೆ, ಆದರೆ ತಗ್ಗಿನಲ್ಲಿಯೇ ಕವಲೊಡೆಯುತ್ತದೆ. ಅದರಿಂದ ನೀಳವಾದ ಬೊಡ್ಡೆ ದೊರೆಯುವುದು ಕಷ್ಟ. ವೀಣೆಗೆ ಬೇಕಾದದ್ದು ಬೀಜದಿಂದ ಹುಟ್ಟಿದ, ಅಕ್ಕಪಕ್ಕದ ಮರಗಳ ನಡುವೆ ಬೆಳಕಿಗಾಗಿ ನೇರ ಏರಿದ ಹಲಸು. ತೋಟದ ಅಂಚಿನಲ್ಲಿ ಅಂಥ ನಾಲ್ಕು ಮರಗಳಿಗೆ ಜಾಗ ಬಿಡಿ. ಬೀಜವನ್ನು ಒಣಗಿಸಿ ಇಡಬೇಡಿ, ಒಣಗಿದರೆ ಮೊಳಕೆ ಸಾಯುತ್ತದೆ. ಹಣ್ಣು ತಿಂದ ವಾರದೊಳಗೆ, ತಾಯಿಬೇರು ಮುರಿಯದಂತೆ, ಮರ ನಿಲ್ಲಬೇಕಾದ ಜಾಗದಲ್ಲಿಯೇ ಊರಿ. ಮೊದಲ ಎರಡು ಬೇಸಗೆ ದನಗಳಿಂದ ಕಾಪಾಡಿದರೆ ಸಾಕು.