ಬೆಂಚು ಕೊಟ್ಟವರಿಗೆ ಬೀಗದ ಕೈ ಕೊಡಬೇಡಿ

(ಮೈಸೂರಿನ ಸಿದ್ಧಾರ್ಥನಗರದಲ್ಲಿ ಬಡಾವಣೆಯ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಿಮ್ಮ ಬಡಾವಣೆಗೆ ಸಿದ್ಧಾರ್ಥನ ಹೆಸರಿದೆ. ಆ ಹೆಸರಿನಿಂದಲೇ ಮಾತು ಶುರು ಮಾಡುತ್ತೇನೆ. ಸಿದ್ಧಾರ್ಥ ಬುದ್ಧನಾದ ಮೇಲಿನ ಕಥೆ ಇದು. ಶ್ರಾವಸ್ತಿಯಲ್ಲಿ ಅನಾಥಪಿಂಡಿಕ ಎಂಬ ಸಾಹುಕಾರನಿದ್ದ. ಬುದ್ಧನೂ ಅವನ ಸಂಘವೂ ತಂಗಲು ಒಂದು ತೋಟ ಬೇಕಿತ್ತು. ಜೇತನೆಂಬ ರಾಜಕುಮಾರನ ತೋಟ ಸಾಹುಕಾರನ ಕಣ್ಣಿಗೆ ಬಿತ್ತು. ನೆಲದ ತುಂಬ ಚಿನ್ನದ ನಾಣ್ಯ ಹಾಸಿದರೆ ಮಾತ್ರ ಕೊಟ್ಟೇನು ಎಂದು ಜೇತ ಅಂದ. ಸಾಹುಕಾರ ಗಾಡಿಗಟ್ಟಲೆ ನಾಣ್ಯ ತಂದು ಹಾಸಿಯೇ ಬಿಟ್ಟ! ಆ ತೋಟವೇ ಜೇತವನ. ಈ ಕಥೆಯಲ್ಲಿ ನನ್ನ ಗಮನ ಚಿನ್ನದ ಮೇಲಿಲ್ಲ. ಅಷ್ಟು ಚಿನ್ನ ಸುರಿದವನು ತೋಟವನ್ನು ಸಂಘಕ್ಕೆ ಒಪ್ಪಿಸಿ ಕೈ ಮುಗಿದ. ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ.

ಇವತ್ತು ನಮ್ಮ ಮುಂದಿರುವ ಪ್ರಶ್ನೆ ಅದೇ. ಬಡಾವಣೆಯ ಪಾರ್ಕು ಸುಧಾರಿಸಲು ಯಾರಾದರೂ ದೇಣಿಗೆ ಹಿಡಿದು ಬಂದರೆ ತೆಗೆದುಕೊಳ್ಳಬೇಕೆ, ಬೇಡವೆ?

ಇದರಲ್ಲಿ ಎರಡು ಬಣಗಳಿವೆ. 'ಆಸ್ತಿ ತೆರಿಗೆ ಕಟ್ಟುವವರು ನಾವು. ಪಾರ್ಕು ನೋಡಿಕೊಳ್ಳುವುದು ಪಾಲಿಕೆಯ ಕೆಲಸ. ಭಿಕ್ಷೆ ಯಾಕೆ?' ಎನ್ನುವವರು ಒಂದು ಕಡೆ. 'ಕೊಡುವವರು ಕೊಡಲಿ, ನಿಮ್ಮದೇನು ಹೋಗುತ್ತೆ?' ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮಾತಿನಲ್ಲಿ ನ್ಯಾಯವಿದೆ. ಆದರೆ ನ್ಯಾಯ ಮಾತಾಡುತ್ತ ಕುಳಿತರೆ ಗಿಡ ಒಣಗುತ್ತದೆ. ಎರಡನೆಯವರಿಗೆ ಗಿಡದ ಮೇಲೆ ಕರುಣೆಯಿದೆ, ನಾಳೆಯ ಚಿಂತೆಯಿಲ್ಲ. ಏನು ಹೋಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಮೊದಲು ವಾಸವಿದ್ದ ಬಡಾವಣೆಯಲ್ಲಿ ಒಂದು ಸಣ್ಣ ಪಾರ್ಕಿತ್ತು. ಹೆಸರು ಬೇಡ. ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು. ಒಬ್ಬ ಶ್ರೀಮಂತರು ಮುಂದೆ ಬಂದರು. ನಡೆಯಲು ದಾರಿ ಮಾಡಿಸಿದರು, ಕಲ್ಲುಬೆಂಚು ಹಾಕಿಸಿದರು, ಬೋರ್‌ವೆಲ್ಲಿಗೆ ಪಂಪು ಕೂಡಿಸಿದರು, ಸುತ್ತ ಗ್ರಿಲ್ ಹಾಕಿಸಿದರು. ನಾವೆಲ್ಲ ಹಾರ ಹಾಕಿ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ತಿಂಗಳೊಳಗೆ ಗೇಟಿಗೆ ಬೀಗ ಬಿತ್ತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ಪ್ರವೇಶ. ಹುಡುಗರು ಚೆಂಡು ತರುವಂತಿಲ್ಲ. ಮನೆಗೆಲಸ ಮುಗಿಸಿ ಮಧ್ಯಾಹ್ನ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ ಹೆಂಗಸರು ಗ್ರಿಲ್ಲಿನ ಹೊರಗೆ, ಚರಂಡಿ ಕಲ್ಲಿನ ಮೇಲೆ ಕೂತರು. ಇದೇನು ಸ್ವಾಮಿ ಎಂದು ಕೇಳಲು ಹೋದರೆ ಬಂದ ಉತ್ತರ ಎರಡೇ ಪದ: 'ದುಡ್ಡು ನಮ್ಮದು.' ನಮ್ಮ ಕೈಯಲ್ಲಿ ಒಂದು ಒಪ್ಪಂದವಿಲ್ಲ, ಒಂದು ರಸೀದಿಯಿಲ್ಲ, ಒಂದು ಚೀಟಿಯೂ ಇಲ್ಲ!

ಮುಂದಿನದು ಇನ್ನೂ ಕೇಳಿ. ಎರಡು ವರ್ಷವಾದ ಮೇಲೆ ದಾನಿಗಳಿಗೆ ಉತ್ಸಾಹ ಇಳಿಯಿತು. ಪಂಪು ಸುಟ್ಟುಹೋಯಿತು. ಕಚೇರಿಗೆ ಹೋದರೆ 'ಅದು ನಾವು ಹಾಕಿಸಿದ ಪಂಪಲ್ಲ' ಅಂದರು. ಪಾರ್ಕಿಗೆ ಈಗ ಎರಡು ಕಡೆಯೂ ದಿಕ್ಕಿಲ್ಲ. ಪಾರ್ಥೇನಿಯಂ ಮತ್ತೆ ಬಂತು. ಬೀಗ ಮಾತ್ರ ಹಾಗೇ ಇತ್ತು.

ಇದರಿಂದ ನಾನು ಕಲಿತ ಪಾಠ ಇಷ್ಟು. ದೇಣಿಗೆ ತಪ್ಪಲ್ಲ, ಲೆಕ್ಕವಿಲ್ಲದ, ಕರಾರಿಲ್ಲದ ದೇಣಿಗೆ ತಪ್ಪು. ಬೆಂಚಿಗೆ ಒಮ್ಮೆ ದುಡ್ಡು ಕೊಟ್ಟರೆ ಸಾಕು. ಹುಲ್ಲಿಗೆ ದಿನವೂ ನೀರು ಬೇಕು, ಪಂಪಿಗೆ ತಿಂಗಳು ತಿಂಗಳು ಕರೆಂಟು ಬಿಲ್ಲು ಕಟ್ಟಬೇಕು, ಮಾಲಿಗೆ ಸಂಬಳ ಕೊಡಬೇಕು. ಉದ್ಘಾಟನೆಗೆ ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು ಸಿಗುತ್ತಾರೆ. ಕರೆಂಟು ಬಿಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರನ್ನು ನಾನಂತೂ ಕಂಡಿಲ್ಲ!

ಹಾಗಾದರೆ ಸರಿಯಾದ ದಾರಿ ಯಾವುದು? ದೂರ ಹೋಗಬೇಕಿಲ್ಲ. ನಿಮ್ಮ ಬಡಾವಣೆಯಿಂದ ಕೂಗಳತೆ ದೂರದಲ್ಲಿ, ೧೮೯೨ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯವಿದೆ. ಅಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆಯಿದೆ. ಯಾವ ಪ್ರಾಣಿಗೆ ಎಷ್ಟು ಎಂಬ ದರ ಗೊತ್ತುಮಾಡಿದ್ದಾರೆ. ನಿಗದಿತ ಅವಧಿಗೆ ಹಣ ಕಟ್ಟಿದರೆ ರಸೀದಿ, ಪ್ರಮಾಣಪತ್ರ ಕೊಡುತ್ತಾರೆ. ಕೊರೊನಾ ಕಾಲದಲ್ಲಿ ಮೃಗಾಲಯ ಮುಚ್ಚಿ ಟಿಕೆಟ್ಟಿನ ವರಮಾನ ನಿಂತಾಗ, ೨೦೨೧ರಲ್ಲಿ ಕರೆ ಹೋಗುತ್ತಲೇ ನಾಡಿನ ಮೂಲೆಮೂಲೆಯಿಂದ ಸಾಮಾನ್ಯ ಜನ ಹಣ ಕಳಿಸಿದರು. ಆದರೆ ಆನೆಯನ್ನು ದತ್ತು ಪಡೆದವರು ಆನೆಯನ್ನು ಮನೆಗೆ ಹೊಡೆದುಕೊಂಡು ಹೋಗುವುದಿಲ್ಲ. ಹುಲಿಗೆ ಎಷ್ಟು ಹೊತ್ತಿಗೆ ಊಟ ಎಂದು ದಾನಿ ಹೇಳುವುದಿಲ್ಲ. ಹಣ ದಾನಿಯದು, ಆನೆ ನಾಡಿನದು. ಪಾರ್ಕಿಗೂ ಇದೇ ನ್ಯಾಯ ಇರಲಿ ಎಂದರೆ ತಪ್ಪೇನು?

ನಮ್ಮ ಹಿರಿಯರಿಗೂ ಈ ನ್ಯಾಯ ಗೊತ್ತಿತ್ತು. ಕನ್ನಡ ನಾಡಿನ ಊರೂರಲ್ಲಿ ದಾನಶಾಸನಗಳು ನಿಂತಿವೆ. ಕೆರೆಗೆ ಕೊಟ್ಟದ್ದು, ಗುಡಿಗೆ ಕೊಟ್ಟದ್ದು, ಅರವಟ್ಟಿಗೆಗೆ ಕೊಟ್ಟದ್ದು. ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಒಮ್ಮೆ ತೆರೆದು ನೋಡಿ. ಕೊಟ್ಟವರು ಯಾರು, ಏನು ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಎಲ್ಲೆ ಯಾವುದು, ಸಾಕ್ಷಿ ಯಾರು, ಎಲ್ಲವನ್ನೂ ಬಿಡಿಸಿ ಬರೆದಿರುತ್ತಾರೆ. ಕೊನೆಗೆ, ಈ ದಾನಕ್ಕೆ ಕೇಡು ಬಗೆದವನಿಗೆ ಶಾಪ! ತಾನೇ ಕೊಟ್ಟದ್ದನ್ನು ತಾನೇ ಕಿತ್ತುಕೊಂಡರೂ ಪಾಪ ತಪ್ಪದು. ಇವನ್ನು ಊರಿನ ಜನ ನೋಡುವ ಕಡೆ, ಕಲ್ಲಿನಲ್ಲಿ, ಕನ್ನಡದಲ್ಲಿ ಕೊರೆಸಿದರು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಲೆಕ್ಕದ ಫಲಕ ಎಂಬುದು ಪರದೇಶದ ಸರಕಲ್ಲ ತಮ್ಮಂದಿರೇ, ನಮ್ಮ ನೆಲದ್ದೇ.

ಕಾನೂನೂ ನಿಮ್ಮ ಕಡೆಗಿದೆ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ೧೯೮೫ರಲ್ಲಿ ಕರ್ನಾಟಕ ಒಂದು ಕಾಯ್ದೆ ಮಾಡಿತು. ಅದರ ಪ್ರಕಾರ ಅಂಥ ಜಾಗವನ್ನು ಮಾರುವುದು, ಗುತ್ತಿಗೆ ಕೊಡುವುದು, ದಾನ ಕೊಡುವುದು, ಅಡವಿಡುವುದು ಯಾವುದೂ ಊರ್ಜಿತವಲ್ಲ. ಪಾರ್ಕಿಗೆ ದಾನ ಪಡೆಯಬಹುದು, ಪಾರ್ಕನ್ನೇ ದಾನ ಕೊಡುವ ಹಾಗಿಲ್ಲ!

ಬೆಂಗಳೂರಿನ ಸದಾಶಿವನಗರದ ಪ್ರಕರಣ ನಿಮಗೆ ಗೊತ್ತಿರಲಿ. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲು ಹೊರಟರು. ಆಸ್ಪತ್ರೆ ಎಂದರೆ ಒಳ್ಳೆಯ ಕೆಲಸವೇ ತಾನೆ? ಮುಖ್ಯಮಂತ್ರಿಯ ಒಪ್ಪಿಗೆಯೂ ಇತ್ತು. ಆದರೂ ಬಡಾವಣೆಯ ನಿವಾಸಿಗಳು ಸುಮ್ಮನಿರಲಿಲ್ಲ. ಹೈಕೋರ್ಟಿಗೆ ಹೋದರು. ಒಬ್ಬ ನ್ಯಾಯಮೂರ್ತಿ ಅರ್ಜಿ ವಜಾ ಮಾಡಿದರು, ಮೇಲ್ಮನವಿ ಹಾಕಿ ಗೆದ್ದರು. ೧೯೯೧ರಲ್ಲಿ ಸುಪ್ರೀಂ ಕೋರ್ಟೂ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಪಾರ್ಕು ಸಾರ್ವಜನಿಕರದು, ಅದನ್ನು ಉಳಿಸಿ ಎಂದು ಕೇಳುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆ ಎಂಬುದು ಅದರ ತಿರುಳು. ಒಳ್ಳೆಯ ಉದ್ದೇಶದ ಹೆಸರಿನಲ್ಲೂ ಜನರ ಜಾಗ ಕೈಬಿಡಬಾರದು. ಈ ತೀರ್ಪನ್ನು ತಂದುಕೊಟ್ಟವರು ನಿಮ್ಮ ಹಾಗೆ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ ಜನ.

ಇನ್ನೊಂದು ಅಪಾಯವಿದೆ. ದೇಣಿಗೆ ಯಾವಾಗಲೂ ದೇಣಿಗೆ ಕೊಡುವವರ ಮನೆ ಮುಂದೆಯೇ ಬೀಳುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನೇ ನೋಡಿ. ನಗರಾಡಳಿತದ ಬಳಿ ಹಣವಿಲ್ಲದೆ ಪಾರ್ಕು ಹಾಳಾದಾಗ, ೧೯೮೦ರಲ್ಲಿ ದೇಣಿಗೆ ಕೂಡಿಸುವ ಸಂಸ್ಥೆಯೊಂದು ಹುಟ್ಟಿತು. ಪಾರ್ಕು ಮತ್ತೆ ನಳನಳಿಸಿತು. ಒಡೆತನ ಮಾತ್ರ ನಗರದ್ದೇ ಆಗಿ ಉಳಿಯಿತು. ಅಷ್ಟರಮಟ್ಟಿಗೆ ಮೆಚ್ಚತಕ್ಕದ್ದೇ. ಆದರೆ ೨೦೧೨ರಲ್ಲಿ ಒಬ್ಬ ಧನಿಕರು ಆ ಒಂದೇ ಪಾರ್ಕಿಗೆ ಹತ್ತು ಕೋಟಿ ಡಾಲರ್ ಕೊಟ್ಟಾಗ ಅಲ್ಲಿನ ಜನ ಕೇಳಿದರು: ಬಡವರ ಬೀದಿಯ ಪಾರ್ಕಿಗೆ ಯಾರು ಕೊಡುತ್ತಾರೆ? ದೊಡ್ಡ ದೇಣಿಗೆಯಲ್ಲಿ ಒಂದು ಪಾಲು ಬಡ ಪಾರ್ಕುಗಳಿಗೆ ಹೋಗಲಿ ಎಂಬ ಸಲಹೆಯೂ ಬಂತು. ಇದೇ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳೋಣ. ಸಿದ್ಧಾರ್ಥನಗರಕ್ಕೆ ದಾನಿಗಳು ಸಿಗಬಹುದು. ಗಾಂಧಿನಗರದ, ಕ್ಯಾತಮಾರನಹಳ್ಳಿಯ ಮಕ್ಕಳಿಗೂ ಜಾರುಬಂಡೆ ಬೇಡವೆ? ಅವರ ತಾಯಂದಿರಿಗೂ ಕೂರಲು ಬೆಂಚು ಬೇಡವೆ?

ಆದ್ದರಿಂದ ದೇಣಿಗೆ ತೆಗೆದುಕೊಳ್ಳಿ. ಆದರೆ ಐದು ಕರಾರು ಹಾಕಿ.

ಒಂದು, ಹಣ ಪಾಲಿಕೆಯ ಖಾತೆಗೆ ಹೋಗಲಿ, ಪಾಲಿಕೆಯ ರಸೀದಿ ಬರಲಿ. ಯಾರ ಜೇಬಿಗೂ, ಯಾವ ಸಂಘದ ಮೇಜಿನ ಖಾನೆಗೂ ಹೋಗುವುದು ಬೇಡ. ತೆರಿಗೆ ರಿಯಾಯಿತಿ ಬೇಕೆನ್ನುವ ದಾನಿಗೆ ಚೆಕ್ಕಿನಲ್ಲೇ ಕೊಡಿ ಎನ್ನಿ. ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ.

ಎರಡು, ಕೆಲಸಕ್ಕೆ ಮೊದಲು ಬರಹದಲ್ಲಿ ಒಪ್ಪಂದವಾಗಲಿ. ಏನು ಮಾಡಿಸುತ್ತಾರೆ, ಎಷ್ಟು ವರ್ಷ ನೋಡಿಕೊಳ್ಳುತ್ತಾರೆ, ಆಮೇಲೆ ಯಾರು ಎಂಬುದು ಅದರಲ್ಲಿ ಇರಲಿ. ಬೆಂಚಿನ ಹಣದ ಜೊತೆ ನೀರಿನ ಹಣವನ್ನೂ ಕೇಳಿ.

ಮೂರು, ಬೀಗದ ಕೈ, ವೇಳೆ, ನಿಯಮ ಎಲ್ಲ ಪಾಲಿಕೆಯ ಕೈಯಲ್ಲೇ ಇರಲಿ. ಗೇಟು ಎಲ್ಲರಿಗೂ ತೆರೆದಿರಲಿ. ಕಾರಿನಲ್ಲಿ ಬಂದವರಿಗೂ, ಕಸಬರಿಕೆ ಹಿಡಿದು ಬಂದವರಿಗೂ.

ನಾಲ್ಕು, ಗೇಟಿನ ಬಳಿ ಲೆಕ್ಕದ ಫಲಕ ನಿಲ್ಲಲಿ, ಕನ್ನಡದಲ್ಲಿ. ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು. ದಾನಿಯ ಹೆಸರೂ ಅದರಲ್ಲೇ ಒಂದು ಸಾಲಿನಲ್ಲಿ ಇರಲಿ, ಕೃತಜ್ಞತೆ ಬೇಕು. ಆದರೆ ಬೆಂಚಿಗೊಂದು, ಮರಕ್ಕೊಂದು ಇಂಗ್ಲಿಷ್ ಹೆಸರುಪಟ್ಟಿ ಬೇಡ. ಬನ್ನೂರು ಕಡೆಯಿಂದ ಬಸ್ಸು ಹಿಡಿದು ಬರುವ ಮಾಲಿಗೆ ತಾನು ನೀರು ಹಾಕುವ ತೋಟದ ಫಲಕ ಓದಲು ಬರದಿದ್ದರೆ ಅದು ಯಾರ ತೋಟ? ಅಂಗಡಿಗಳ ನಾಮಫಲಕದಲ್ಲೂ ಶೇಕಡಾ ೬೦ ಕನ್ನಡ ಇರಬೇಕೆಂದು ೨೦೨೪ರಲ್ಲಿ ಕಾನೂನು ತಂದ ನಾಡು ಇದು. ಪಾಲಿಕೆಯ ಸ್ವಂತ ಪಾರ್ಕಿಗೆ ಬೇರೆ ಮಾತೇ ಇಲ್ಲ.

ಐದು, ದೊಡ್ಡ ದೇಣಿಗೆ ಬಂದರೆ ಒಂದು ಪಾಲನ್ನು ದಾನಿಯಿಲ್ಲದ ಬಡಾವಣೆಯ ಪಾರ್ಕಿಗೆ ಕೊಡಿರೆಂದು ಕೇಳಿ. ಒಪ್ಪುವವರು ಒಪ್ಪುತ್ತಾರೆ. ಕೇಳದೆ ಯಾರೂ ಕೊಡುವುದಿಲ್ಲ.

ಕಂಪನಿಗಳ ಮುಂದೆ ಕೈ ಹೊಸೆದು ನಿಲ್ಲಬೇಡಿ. ಕಾನೂನು ಗೊತ್ತುಮಾಡಿದ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ ೨ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು ೨೦೧೩ರ ಕಂಪನಿ ಕಾಯ್ದೆ ಹೇಳುತ್ತದೆ. ಅದು ಅವರ ಹೊಣೆ. ನಮ್ಮ ಮೇಲಿನ ಉಪಕಾರವೆಂದು ತಿಳಿಯಬೇಕಾಗಿಲ್ಲ.

ಇದನ್ನೆಲ್ಲ ಮಾಡಿಸುವವರು ಯಾರು? ೨೦೧೮ರಲ್ಲಿ ಆರಿಸಿಬಂದ ಪಾಲಿಕೆ ಸದಸ್ಯರ ಅವಧಿ ೨೦೨೩ರಲ್ಲಿ ಮುಗಿದು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಅಂಥ ಕಾಲದಲ್ಲಿ ಕೇಳುವ ಕೆಲಸ ನೇರವಾಗಿ ನಿಮ್ಮ ಹೆಗಲಿಗೆ ಬೀಳುತ್ತದೆ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ. ೧೫೦ ಪದದೊಳಗೆ, ಒಂದೇ ವಿಷಯದ ಮೇಲೆ, ಕನ್ನಡದಲ್ಲಿ ಬರೆಯಿರಿ: ನಮ್ಮ ಪಾರ್ಕಿಗೆ ಬಂದ ದೇಣಿಗೆ ಎಷ್ಟು, ಒಪ್ಪಂದದ ಪ್ರತಿ ಕೊಡಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಒಂದು ಸಿನಿಮಾ ಟಿಕೆಟ್ಟಿನ ಹಣದಲ್ಲಿ ಹತ್ತಾರು ಪಾರ್ಕಿನ ಲೆಕ್ಕ ಕೇಳಬಹುದು!

ಕೇಳಿ ಸುಮ್ಮನಾಗಬೇಡಿ. ಭಾನುವಾರ ಎರಡು ಗಂಟೆ ಗುದ್ದಲಿ ಹಿಡಿಯಿರಿ. ಸಾಲುಮರದ ತಿಮ್ಮಕ್ಕ ಹುಲಿಕಲ್ ರಸ್ತೆಯ ಆಲದ ಸಸಿಗಳಿಗೆ ಕೊಟ್ಟದ್ದು ಚೆಕ್ಕಲ್ಲ, ಕೊಡದಲ್ಲಿ ಹೊತ್ತು ತಂದ ನೀರು. ೨೦೧೯ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಬೆವರು ಸುರಿಸಿದವನು ಲೆಕ್ಕ ಕೇಳಿದರೆ ಯಾವ ದಾನಿಯೂ, ಯಾವ ಅಧಿಕಾರಿಯೂ 'ನೀನ್ಯಾರು?' ಎನ್ನಲಾರ.

ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಪಾರ್ಕಿಗೆ ಹೋಗಿ. ಗೇಟು ತೆರೆದಿದೆಯೆ ನೋಡಿ. ಫಲಕದಲ್ಲಿ ಏನು ಬರೆದಿದೆ ಓದಿ. ಬೀಗದ ಕೈ ಯಾರ ಬಳಿ ಇದೆ ಎಂದು ಮಾಲಿಯನ್ನು ಕೇಳಿ. ಅವನ ಉತ್ತರ ಕೇಳಿದ ಮೇಲೆ ನಿಮ್ಮ ಕೆಲಸ ಏನೆಂದು ನಾನು ಹೇಳಬೇಕಾಗಿಲ್ಲ.